ಕರಿನೂಲಿನ ಲೇಪ

ಜನ್ನಾಪುರ, ಭದ್ರಾವತಿ
18 ನವೆಂಬರ್ 2024

ವೀಣಾ,

ನಾವೆಲ್ಲ ಕ್ಷೇಮ, ನೀವೂ ಕ್ಷೇಮವೆಂದು ನಂಬಿದ್ದೇವೆ ಎಂದು ಶುರು ಮಾಡುವುದು ರೂಢಿ. ನಾನು ಕ್ಷೇಮವಾಗಿಲ್ಲ, ನಿನ್ನ ಕ್ಷೇಮ ವಿಚಾರಿಸುವ ಮನಸ್ಸೂ ಈಗ ಇಲ್ಲ. ಫೋನು ಮಾಡಿದರೆ ರಿಂಗೇ ಆಗುವುದಿಲ್ಲ. ವಾಟ್ಸಾಪಿನಲ್ಲಿ ನಿನ್ನ ಫೋಟೊ ಮಾಯವಾಗಿದೆ. "ಬ್ಲಾಕ್ ಮಾಡಿದಾರೆ ಆಂಟಿ" ಎಂದು ಪಕ್ಕದ ಮನೆಯವಳು ತಿಳಿಸಿಕೊಟ್ಟಳು. ಪೋಸ್ಟ್‌ಮ್ಯಾನನ್ನು ಬ್ಲಾಕ್ ಮಾಡಲು ಬರುವುದಿಲ್ಲವಲ್ಲ, ಅದಕ್ಕೇ ಈ ಕಾಗದ.

ನಿಮ್ಮ ಕಾರ್ಖಾನೆಯ ಶೆಡ್ಡಿನಲ್ಲಿ ಆದದ್ದನ್ನು ನೀನೂ ನೋಡಿದೆ. ಆದರೂ ನನ್ನ ಕಣ್ಣಿಗೆ ಕಂಡಂತೆ ಬರೆಯುತ್ತೇನೆ. ಬೆಂಗಳೂರಿನ ಕಂಪನಿಯವರು ನಾವು ಮಾಡಿ ಕಳಿಸಿದ ವಿಮಾನದ ಬ್ರಾಕೆಟ್‌ಗಳನ್ನೆಲ್ಲ ವಾಪಸ್ ಕಳಿಸಿದ್ದರು. ಬಿಸಿಗೆ ಇಟ್ಟಾಗ ಪದರ ಪದರ ಬಿಟ್ಟುಕೊಂಡವಂತೆ. ನಿನ್ನ ಗಂಡ ನಿರಂಜನ ಅವರು ಎಲ್ಲರನ್ನೂ ಪ್ರೆಸ್ ಮೆಷಿನ್ನಿನ ಮುಂದೆ ನಿಲ್ಲಿಸಿ, ಒಂದು ತುಂಡನ್ನು ಉಗುರಿನಿಂದ ಈರುಳ್ಳಿ ಸಿಪ್ಪೆಯ ಹಾಗೆ ಬಿಡಿಸಿ ತೋರಿಸಿದರು. "ಇದು ಯಾರ ಕೆಲ್ಸ ಗೊತ್ತೇನ್ರೀ? ನಮ್ಮ ಪುಷ್ಪಕ್ಕಂದು. ಆಯುಧಪೂಜೆ ದಿನ ಎಣ್ಣೆ ಕೈಯಲ್ಲಿ ನೂಲಿನ ರೀಲಿಗೆಲ್ಲ ಕುಂಕುಮ ಬಳಿದಿದಾರೆ. ಎಣ್ಣೆ ಬಿದ್ದ ನೂಲಿಗೆ ಪ್ಲಾಸ್ಟಿಕ್ ಹಿಡಿಯುತ್ತಾ? ಇವರ ಭಕ್ತಿ ನಮ್ಮ ಬ್ಯಾಚ್ ತಿಂತು" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ನಾಳೆಯಿಂದ ಬರೋದು ಬೇಡ ಅಕ್ಕ, ಮನೇಲಿ ಆರಾಮಾಗಿರಿ" ಎಂದು ನಕ್ಕರು. ಆ ನಗು ನನಗೆ ಬೈಗುಳಕ್ಕಿಂತ ಹೆಚ್ಚಾಗಿ ಉರಿಯಿತು. ನೀನು ಪಕ್ಕದಲ್ಲೇ ನಿಂತು ಕನ್ನಡಕ ಒರೆಸುತ್ತಿದ್ದೆ. ಅಷ್ಟು ಹೊತ್ತು ಒರೆಸುವಂಥ ಧೂಳು ಅದರಲ್ಲಿ ಏನಿತ್ತೋ ನಾ ಕಾಣೆ.

ಆಯುಧಪೂಜೆಯ ದಿನ ನೀನು ತರಬೇತಿಗೆಂದು ಪುಣೆಗೆ ಹೋಗಿದ್ದೆ, ಹಾಗಾಗಿ ಹೇಳುತ್ತೇನೆ. ದೀಪ ಇಟ್ಟಿದ್ದು ಬಾಗಿಲ ಹೊರಗೆ. ವಿಭೂತಿ ಬಳಿದಿದ್ದು ಪ್ರೆಸ್ಸಿನ ಕಬ್ಬಿಣದ ಕಾಲಿಗೆ. ರೀಲಿನ ಹತ್ತಿರಕ್ಕೂ ನಾನು ಹೋಗುತ್ತಿರಲಿಲ್ಲ. "ಆ ರೀಲಿಗೂ ಒಂದು ಬೊಟ್ಟು ಇಡಿ ಅಕ್ಕ, ಅದೇ ನಮ್ಮ ಲಕ್ಷ್ಮಿ" ಎಂದವರು ನಿನ್ನ ಯಜಮಾನರೇ. ಕೈ ತೊಳೆದುಕೊಂಡು, ಒಂದೇ ಒಂದು ರೀಲಿನ ರಟ್ಟಿನ ಅಂಚಿಗೆ ಬೊಟ್ಟು ಇಟ್ಟೆ. ನೂಲಿಗಲ್ಲ. ಬರಿಗೈಯಲ್ಲಿ ಕರಿನೂಲು ಮುಟ್ಟಬಾರದೆಂದು ನನಗೆ ಕಲಿಸಿದವಳು ನೀನು. ನಾಲ್ಕು ವರ್ಷದಲ್ಲಿ ಒಂದು ದಿನವೂ ಗ್ಲೌಸಿಲ್ಲದೆ ಮುಟ್ಟಿಲ್ಲ.

ನನಗೆ ಕೆಲಸ ವಾಪಸ್ ಬೇಡ. ನನಗೆ ಬೇಕಾದದ್ದು ಒಂದೇ. ಅದೇ ಜಾಗದಲ್ಲಿ, ಅದೇ ಜನರ ಮುಂದೆ ನೀನು ನಿಂತು "ಇದು ನಮ್ಮ ಅಕ್ಕನ ತಪ್ಪಲ್ಲ" ಎಂದು ಹೇಳು. ಅದಕ್ಕಿಂತ ಹೆಚ್ಚು ನಾನು ಕೇಳುವುದಿಲ್ಲ, ಕಡಿಮೆಗೂ ಒಪ್ಪುವುದಿಲ್ಲ.

ನಿನ್ನ ಅಕ್ಕ
ಪುಷ್ಪಾ


ವಿನೋಬನಗರ, ಶಿವಮೊಗ್ಗ
9 ಡಿಸೆಂಬರ್ 2024

ಪ್ರೀತಿಯ ಅಕ್ಕ,

ಬ್ಲಾಕ್ ಮಾಡಿದ್ದು ನಿನ್ನ ಮೇಲಿನ ಸಿಟ್ಟಿನಿಂದಲ್ಲ. ನಿನ್ನ ಹೆಸರು ಫೋನಿನಲ್ಲಿ ಬಂದಾಗಲೆಲ್ಲ ಮನೆಯಲ್ಲಿ ಮಾತು ಬೆಳೆಯುತ್ತಿತ್ತು. ಕಾಗದವಾದರೆ ನನಗೂ ಯೋಚಿಸಿ ಬರೆಯಲು ಆಗುತ್ತದೆ.

ಆ ದಿನ ನಾನು ಬಾಯಿ ಬಿಡಲಿಲ್ಲ, ನಿಜ. ನನಗೇ ಗೊತ್ತಿರಲಿಲ್ಲ ಅಕ್ಕ. ಎಣ್ಣೆ ತಗಲಿದರೆ ಹಿಡಿತ ಹೋಗುತ್ತದೆ ಎನ್ನುವುದು ಸುಳ್ಳಲ್ಲ. ಅವರು ಹೇಳಿದ್ದು ನಿಜವಿರಬಹುದೇನೋ ಎಂದು ನನಗೂ ಒಂದು ಕ್ಷಣ ಅನಿಸಿತು. ನಿನಗೆ ಇದರಿಂದ ನೋವಾಗುತ್ತದೆ, ಆದರೆ ಸುಳ್ಳು ಬರೆಯಲಾರೆ.

ನೀನು ನಾಲ್ಕು ವರ್ಷ ಆ ನೂಲು ಹಾಸಿದ್ದೀಯ, ಆದರೆ ಅದು ಯಾಕೆ ಹಿಡಿಯುತ್ತದೆ ಎಂದು ನಾನು ಕೂತು ಹೇಳಿದ್ದೇ ಇಲ್ಲ. ಕೂದಲಿಗಿಂತ ತೆಳುವಾದ ಕಾರ್ಬನ್ ಎಳೆ ಹೊರಗಿನಿಂದ ಬರುವಾಗಲೇ ಅದರ ಮೇಲೊಂದು ಲೇಪ ಇರುತ್ತದೆ. ಎಳೆ ಸಿಕ್ಕಾಗದಿರಲಿ, ಪ್ಲಾಸ್ಟಿಕ್ಕಿಗೆ ಅಂಟಿಕೊಳ್ಳಲಿ ಎಂದು ಹಾಕಿದ್ದು. ಆದರೆ ಅದನ್ನು ಮಾಡಿರುವುದು ಕಡಿಮೆ ಬಿಸಿಯ ಕೆಲಸಕ್ಕೆ. ನಮ್ಮ ಬ್ರಾಕೆಟ್ ಕೂರುವುದು ವಿಮಾನದ ಇಂಜಿನ್ನಿನ ಪಕ್ಕ. ಅದಕ್ಕೆ ಬೇಕಾದ ಪ್ಲಾಸ್ಟಿಕ್ ಕರಗಲು ನಾನೂರು ಡಿಗ್ರಿ ಹತ್ತಿರ ಹತ್ತಿರ ಕಾಯಿಸಬೇಕು. ಆ ಬಿಸಿಗೆ ಹಳೆಯ ಲೇಪ ಸುಟ್ಟು ಹೊಗೆಯಾಗುತ್ತದೆ, ಎಳೆಗೂ ಪ್ಲಾಸ್ಟಿಕ್ಕಿಗೂ ನಡುವೆ ಸಂದು ಬೀಳುತ್ತದೆ. ಸುಣ್ಣ ಬಳಿದ ಹಳೆಯ ಗೋಡೆಗೆ ಹಾಗೇ ಗಾರೆ ಮೆತ್ತಿದರೆ ಸುಣ್ಣದ ಜೊತೆಗೇ ಉದುರುವುದಿಲ್ಲವೇ, ಹಾಗೆ. ಅದಕ್ಕೇ ನಾವು ನೂಲನ್ನು ಅಸಿಟೋನಿನಲ್ಲಿ ತೊಳೆದು, ಒಣಗಿಸಿ, ಬಿಸಿಗೆ ಜಗ್ಗದ ನಮ್ಮ ಲೇಪ ಹಾಕಿಯೇ ಪ್ರೆಸ್ಸಿಗೆ ಕೊಡುವುದು.

ವಾಪಸ್ ಬಂದ ತುಂಡುಗಳನ್ನು ನಾನು ಇಂಜಿನಿಯರಿಂಗ್ ಓದಿದ ಕಾಲೇಜಿನ ಲ್ಯಾಬಿಗೆ ಒಯ್ದಿದ್ದೇನೆ. ಒಂದು ಮಾತು ಕೇಳಬೇಕು. ದಸರಾ ವಾರ ಬಂದ ರೀಲುಗಳನ್ನು ನೀನೂ ಸೆಲ್ವಿಯೂ ತೊಳೆದಿರಾ? ನೆನಪು ಮಾಡಿಕೊಂಡು ಬರೆ.

ಸ್ವಲ್ಪ ತಾಳ್ಮೆ ಇರಲಿ.

ನಿನ್ನ
ವೀಣಾ


ಜನ್ನಾಪುರ, ಭದ್ರಾವತಿ
16 ಡಿಸೆಂಬರ್ 2024

ವೀಣಾ,

ತೊಳೆಯಲಿಲ್ಲ. ಸೆಲ್ವಿ ಡಬ್ಬ ತೆರೆದು ಕೇಳಿದ್ದಳು, "ಸಾರ್, ಇದು ವಾಷಿಂಗ್‌ಗೆ ಹಾಕ್ಬೇಕಾ?" ಅಂತ. "ಇದಕ್ಕೆ ಬೇಡಮ್ಮ, ನೂಲಿನ ಕಂಪನಿಯಿಂದಲೇ ಹೊಸ ಲೇಪ ಹಾಕ್ಕೊಂಡು ಬಂದಿದೆ, ಸೀದಾ ಹಾಸಿ" ಎಂದರು ನಿನ್ನ ಯಜಮಾನರು. ಯಜಮಾನರು ಹೇಳಿದ ಮೇಲೆ ಮುಗಿಯಿತಲ್ಲ. ಹಾಸಿದೆವು.

ತಾಳ್ಮೆ ಇರಲಿ ಎಂದು ಬರೆದಿದ್ದೀಯ. ಇರಲಿ ಬಿಡು, ತಾಳ್ಮೆಗೇನು ಬರಗಾಲ. ಆದರೆ ಇಲ್ಲಿ ಮಾತು ತಾಳ್ಮೆಯಿಂದ ಕೂತಿಲ್ಲ. ನಿನ್ನ ಭಾವ ಗಿರಣಿಯಲ್ಲಿ ಹಿಟ್ಟು ಬೀಸುತ್ತಿದ್ದರೆ, "ಏನ್ರೀ ಕೊಟ್ರಬಸಪ್ಪ, ನಿಮ್ಮನೇರ ಕುಂಕುಮಕ್ಕೆ ವಿಮಾನ ಬೀಳುತ್ತಂತೆ?" ಎಂದು ಕೇಳುತ್ತಾರೆ. ಅವರು ಪಾಪ, ಮೆಷಿನ್ನಿನ ಸದ್ದಿಗೆ ಕೇಳಿಸಲಿಲ್ಲವೆಂಬಂತೆ ಇರುತ್ತಾರಂತೆ. ಮನೆಗೆ ಬಂದು ಊಟ ಮಾಡುವಾಗ ತಲೆ ಎತ್ತುವುದಿಲ್ಲ. ಮೊನ್ನೆ ಎದುರುಮನೆಯ ವಿಮಲಮ್ಮ ಹೊಸ ಸ್ಕೂಟರಿಗೆ ಪೂಜೆ ಮಾಡಿಸಿದಳು. ಪ್ರತಿ ಸಲ ಆರತಿ ಹಿಡಿಯಲು ನನ್ನನ್ನೇ ಕರೆಯುತ್ತಿದ್ದವಳು, ಈ ಸಲ ಗೇಟಿನ ಹತ್ತಿರ ನಿಂತ ನನ್ನನ್ನು ನೋಡಿ, "ನೀನು ಬೇಡ ಮಾರಾಯ್ತಿ, ಗಾಡಿ ನಿಂತುಬಿಟ್ರೆ ಕಷ್ಟ" ಎಂದಳು. ತಮಾಷೆಗೇ ಅಂದಿದ್ದು. ಎಲ್ಲರೂ ನಕ್ಕರು, ನಾನೂ ನಕ್ಕೆ. ಒಳಗೆ ಬಂದು ನೀರು ಕುಡಿದೆ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಬರೆ ಹಾಕಿಸಿಕೊಂಡ ಎಮ್ಮೆಗೆ ಯಾರಾದರೂ ತಾಳ್ಮೆಯ ಪಾಠ ಹೇಳಿದ್ದನ್ನು ಮಾತ್ರ ನಾನು ಕೇಳಿರಲಿಲ್ಲ.

ನಿನಗೂ ಒಂದು ಕ್ಷಣ ಅನಿಸಿತು ಎಂದು ಬರೆದೆಯಲ್ಲ. ಆ ಸಾಲನ್ನು ನಿನ್ನ ಭಾವನಿಗೆ ಓದಲಿಲ್ಲ.

ಪುಷ್ಪಾ


ವಿನೋಬನಗರ, ಶಿವಮೊಗ್ಗ
20 ಜನವರಿ 2025

ಅಕ್ಕ, ಅಕ್ಕ,

ನೀನಲ್ಲ! ಇದನ್ನು ಮೊದಲು ಬರೆದು ಆಮೇಲೆ ಉಳಿದದ್ದು.

ತುಂಡುಗಳನ್ನು ಮುರಿದು, ಮುರಿದ ಜಾಗವನ್ನು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡಿದೆ. ಹಿಂದಿನ ವರ್ಷದ ಒಳ್ಳೆಯ ತುಂಡಿನಲ್ಲಿ, ಮುರಿದ ಮೇಲೂ ಎಳೆಗಳ ಮೈಗೆ ಪ್ಲಾಸ್ಟಿಕ್ ಕಚ್ಚಿಕೊಂಡೇ ಇದೆ, ಹಲಸಿನ ಹಣ್ಣು ಬಿಡಿಸಿದ ಕೈಗೆ ಮೇಣ ಕಚ್ಚಿದ ಹಾಗೆ. ವಾಪಸ್ ಬಂದದ್ದರಲ್ಲಿ ಎಳೆಗಳು ಬೋಳು. ಪ್ಲಾಸ್ಟಿಕ್ಕಿನಲ್ಲಿ ಬರೀ ತೂತುಗಳು, ಎಳೆ ಜಾರಿ ಹೋದ ತೂತುಗಳು. ಒಂದೆರಡು ಕಡೆಯಲ್ಲ, ಉದ್ದಕ್ಕೂ ಹಾಗೇ.

ಆಮೇಲೆ ನಾನೇ ಬೇಕೆಂದು, ಚೆನ್ನಾಗಿ ತೊಳೆದು ನಮ್ಮ ಲೇಪ ಹಾಕಿದ ಒಂದು ರೀಲಿಗೆ ದೀಪದೆಣ್ಣೆಯನ್ನೂ ಕುಂಕುಮವನ್ನೂ ಬಳಿದೆ. ಅಂಚಿಗಲ್ಲ, ನೂಲಿಗೇ. ಅದರಿಂದ ಹಲಗೆ ಒತ್ತಿ ಮುರಿದು ನೋಡಿದರೆ ಹಾಳಾದದ್ದು ಹೊರಗಿನ ಸುತ್ತು ಮಾತ್ರ. ಒಳಗಿನದೆಲ್ಲ ಗಟ್ಟಿ. ಇನ್ನೂ ಒಂದು ವಿಷಯ. ವಾಪಸ್ ಬಂದವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬ್ರಾಕೆಟ್ ಮಾಡಿದ್ದು ಪೂಜೆಯ ದಿನ ಸೀಲೇ ಒಡೆಯದೆ ಇದ್ದ ಡಬ್ಬಗಳ ನೂಲಿನಿಂದ. ನಿನ್ನ ಕುಂಕುಮಕ್ಕೆ ಕಾಲು ಬಂದು ಡಬ್ಬದೊಳಗೆ ಹೋಗಲಿಲ್ಲವಲ್ಲ.

ಉಳಿದಿದ್ದ ನೂಲನ್ನು ಒಲೆಯಲ್ಲಿಟ್ಟು ಕಾಯಿಸಿದೆ. ಲೇಪ ಸುಟ್ಟು ಹೋಯಿತು. ಅದು ಹಳೆಯ ಮಾಮೂಲಿ ಲೇಪವೇ. ಹೊಸ ಲೇಪದ ನೂಲು ಎಂದು ಡೀಲರ್ ಎಲ್ಲೂ ಹೇಳಿಲ್ಲ. ನಾನು ಇವರನ್ನು ಕೇಳಿದೆ. ಮೊದಲು ಸಿಟ್ಟು ಮಾಡಿದರು, ಆಮೇಲೆ ಸೋಫಾದ ಮೇಲೆ ಕೂತು, "ಡೆಲಿವರಿ ದಿನ ಹತ್ರ ಬಂದಿತ್ತು ವೀಣಾ. ತೊಳೆದು, ಒಣಗಿಸಿ, ಲೇಪ ಹಾಕಿ ಅಂತ ಕೂತಿದ್ರೆ ಆರ್ಡರೇ ಹೋಗ್ತಿತ್ತು. ಒಂದು ಸಲಕ್ಕೆ ತಡೆಯುತ್ತೆ ಅಂದ್ಕೊಂಡೆ" ಎಂದರು. ಗೊತ್ತಿದ್ದೇ ಮಾಡಿದ್ದಾರೆ ಅಕ್ಕ. ಗೊತ್ತಿದ್ದೇ ನಿನ್ನ ಮೇಲೆ ಹಾಕಿದ್ದಾರೆ.

ನನಗೆ ನಾಚಿಕೆಯಾಗುತ್ತಿದೆ. ಅದರ ಜೊತೆಗೇ, ಹೇಳಬಾರದು, ಖುಷಿಯೂ ಆಗುತ್ತಿದೆ. ಈ ಪರೀಕ್ಷೆಗಳಲ್ಲಿ ನಮ್ಮ ಲೇಪದಲ್ಲೇ ಇದ್ದ ಒಂದು ಕೊರತೆಯೂ ನನಗೆ ಸಿಕ್ಕಿತು. ಅದನ್ನು ಸರಿ ಮಾಡಿದರೆ ಹಿಡಿತ ಇನ್ನೂ ಗಟ್ಟಿಯಾಗುತ್ತದೆ. ಎಷ್ಟೋ ವರ್ಷದ ಮೇಲೆ ನಾನು ಓದಿದ್ದಕ್ಕೆ ಒಂದು ಅರ್ಥ ಬಂದ ಹಾಗಿದೆ.

ಸದ್ಯಕ್ಕೆ ಯಾರಿಗೂ ಹೇಳಬೇಡ. ಸಮಯ ನೋಡಿ ನಾನೇ ಎಲ್ಲರ ಮುಂದೆ ಹೇಳುತ್ತೇನೆ.

ನಿನ್ನ
ವೀಣಾ


ಜನ್ನಾಪುರ, ಭದ್ರಾವತಿ
27 ಜನವರಿ 2025

ವೀಣಿ,

ನಿನ್ನ ಕಾಗದವನ್ನು ನಿನ್ನ ಭಾವನಿಗೆ ಜೋರಾಗಿ ಓದಿ ಹೇಳಿದೆ. "ಕುಂಕುಮಕ್ಕೆ ಕಾಲು ಬಂದು" ಅನ್ನುವ ಕಡೆ ಅವರು ಎಷ್ಟೋ ದಿನದ ಮೇಲೆ ನಕ್ಕರು. ನಾನು ಅತ್ತೆ. ಆಮೇಲೆ ಇಬ್ಬರೂ ಅವಲಕ್ಕಿ ಒಗ್ಗರಣೆ ಹಾಕಿಕೊಂಡು ತಿಂದೆವು.

ನೀನು ಹುಷಾರಿ ಎಂದು ನನಗೆ ಮೊದಲೇ ಗೊತ್ತಿತ್ತು. ಅವ್ವ ಹೋದಾಗ ನಿನಗೆ ನಾಲ್ಕು ವರ್ಷ. ಅಂಗಳದ ಮರಳಿನಲ್ಲಿ ನಿನ್ನ ಬೆರಳು ಹಿಡಿದು ಅಕ್ಷರ ತಿದ್ದಿಸಿದವಳು ನಾನು. ಮೂರೇ ದಿನಕ್ಕೆ ನನ್ನ ಕೈ ಕೊಡವಿ, "ನಾನೇ ಬರೀತೀನಿ ಬಿಡು" ಎಂದವಳು ನೀನು. ಆ ಗತ್ತು ನನಗೆ ಆಗಲೂ ಇಷ್ಟ, ಈಗಲೂ ಇಷ್ಟ.

ಸಮಯ ನೋಡಿ ಎಂದರೆ ಯಾವಾಗ? ದಿನ ಹೇಳು. ಬೆಳಗಿನ ಬಸ್ಸಿಗೆ ಬರುತ್ತೇನೆ. ಹೇಳಿದ ಕೂಡಲೇ ವಾಪಸ್ ಹೊರಡುತ್ತೇನೆ, ಚಹಾ ಕೂಡ ಬೇಡ. ಯಾರನ್ನೂ ಬಯ್ಯುವುದಿಲ್ಲ, ನಿನ್ನ ಯಜಮಾನರ ಮುಖವನ್ನೂ ನೋಡುವುದಿಲ್ಲ. ನೀನು ಹೇಳುವುದನ್ನು ಸೆಲ್ವಿ ಕೇಳಬೇಕು, ಉಳಿದವರು ಕೇಳಬೇಕು, ನಾನು ಅಲ್ಲೇ ನಿಂತಿರಬೇಕು. ಅಷ್ಟೇ.

ನಿನ್ನ ಅಕ್ಕ
ಪುಷ್ಪಾ


ವಿನೋಬನಗರ, ಶಿವಮೊಗ್ಗ
12 ಮಾರ್ಚ್ 2025

ಪ್ರೀತಿಯ ಅಕ್ಕ,

ಶಿವರಾತ್ರಿ ಕಳೆದ ಸೋಮವಾರ ಬಾ ಎಂದು ನಾನೇ ಹೇಳಿಕಳಿಸಿ, ಗೇಟಿನಲ್ಲಿ ವಾಚ್‌ಮನ್ ನಿನ್ನನ್ನು ಒಳಗೆ ಬಿಡದೆ ಇದ್ದದ್ದಕ್ಕೆ ಏನು ಹೇಳಲಿ. ನಾನು ಒಳಗೇ ಇದ್ದೆ. ಕಿಟಕಿಯಿಂದ ನೋಡಿದೆ. ನೀನು ಹಸಿರು ಸೀರೆ ಉಟ್ಟಿದ್ದೆ, ಮಧ್ಯಾಹ್ನದವರೆಗೂ ಬೇವಿನ ಮರದ ಕೆಳಗೆ ನಿಂತಿದ್ದೆ. ಬಿಡಬಾರದೆಂದು ಹೇಳಿದ್ದು ಇವರು. ಹೊರಗೆ ಬಂದರೆ ಜಗಳವಾಗುತ್ತದೆಂದು ನಾನು ಬರಲಿಲ್ಲ.

ನಾನು ಸರಿ ಮಾಡಿದ ಹೊಸ ಲೇಪ ಗೆದ್ದಿದೆ. ಬಿಸಿಯಲ್ಲಿ, ಆವಿಯಲ್ಲಿ, ಮತ್ತೆ ಬಿಸಿಯಲ್ಲಿ ಇಟ್ಟರೂ ಪದರ ಬಿಡುವುದಿಲ್ಲ. ಬೆಂಗಳೂರಿನವರು ಬಂದು ನೋಡಿ ಮೆಚ್ಚಿಕೊಂಡರು. ಮತ್ತೆ ಆರ್ಡರ್ ಕೊಡಲು ತಯಾರಿದ್ದಾರೆ. ಆದರೆ ಹಳೆಯ ಬ್ಯಾಚ್ ಯಾಕೆ ಕೆಟ್ಟಿತು ಎನ್ನುವುದಕ್ಕೆ ಲಿಖಿತ ಕಾರಣ ಕೊಡಬೇಕು. ತೊಳೆದು ಲೇಪ ಹಾಕುತ್ತೇವೆ ಎಂದು ಅವರ ಜೊತೆ ಒಪ್ಪಂದವಿದೆ. ಗೊತ್ತಿದ್ದೂ ಮಾಲೀಕರೇ ಅದನ್ನು ಬಿಟ್ಟರು ಎಂದು ಬರೆದರೆ ನಮ್ಮ ಹೆಸರು ಅವರ ಪಟ್ಟಿಯಿಂದ ಹೋಗುತ್ತದೆ, ಮತ್ತೆ ಯಾವ ಕಂಪನಿಯೂ ಹತ್ತಿರ ಸೇರಿಸುವುದಿಲ್ಲ. ಕೆಲಸದವರ ಕೈ ತಪ್ಪಿನಿಂದ ಎಣ್ಣೆ ತಗಲಿತು, ಈಗ ಎಲ್ಲರಿಗೂ ತರಬೇತಿ ಕೊಟ್ಟಿದ್ದೇವೆ ಎಂದರೆ ಅದನ್ನು ಒಪ್ಪುತ್ತಾರೆ. ಅಂಥದ್ದು ಎಲ್ಲ ಕಡೆ ಆಗುತ್ತದೆ.

ಅದಕ್ಕೆ ಆ ಕೆಲಸದವರ ಹೇಳಿಕೆ ಬೇಕಂತೆ, ಸಹಿ ಸಮೇತ.

ಅದನ್ನು ನಿನ್ನಿಂದಲೇ ಕೇಳುತ್ತಿದ್ದೇನೆ ಅಕ್ಕ. ಒಂದು ಸಹಿ. ಆ ಕಾಗದ ಬೆಂಗಳೂರಿನ ಯಾವುದೋ ಫೈಲಿನಲ್ಲಿ ಇರುತ್ತದೆ, ಇಲ್ಲಿ ಯಾರೂ ನೋಡುವುದಿಲ್ಲ. ನೀನು ಹೇಗೂ ಕೆಲಸ ಬಿಟ್ಟಾಗಿದೆ. ಸೆಲ್ವಿಯ ಮನೆ ಈ ಶೆಡ್ಡಿನಿಂದಲೇ ನಡೆಯುತ್ತಿದೆ, ಇನ್ನೂ ಎಷ್ಟೋ ಜನರದ್ದು. ನನ್ನ ಲೇಪ ಕೂಡ. ಶೆಡ್ಡು ಮುಚ್ಚಿದರೆ ಅದೂ ಮುಚ್ಚಿಹೋಗುತ್ತದೆ. ನನ್ನ ಜೀವನದಲ್ಲಿ ನಾನು ಮಾಡಿದ ಒಂದೇ ಒಂದು ಕೆಲಸ ಅದು.

ಭಾನುವಾರ ಹೇಳಿಕೆಯ ಕಾಗದ ಹಿಡಿದುಕೊಂಡು ಮನೆಗೆ ಬರಲೇ?

ನಿನ್ನ
ವೀಣಾ


ಜನ್ನಾಪುರ, ಭದ್ರಾವತಿ
18 ಮಾರ್ಚ್ 2025

ವೀಣಾ,

ಬರಬೇಡ.

ಕಿಟಕಿಯಿಂದ ನೋಡಿದೆ ಎಂದು ಬರೆದಿದ್ದೀಯ. ತ್ಯಾವರೆಕೊಪ್ಪದ ಸಫಾರಿಯ ಹುಲಿ ಕೂಡ ಜಾಲರಿಯ ತನಕ ಬಂದು ಜನರ ಮುಖ ನೋಡಿ ಹೋಗುತ್ತದೆ ಮಾರಾಯ್ತಿ. ನಿನಗೆ ಅಷ್ಟೂ ಆಗಲಿಲ್ಲ. ಆ ಬಿಸಿಲಿನಲ್ಲಿ ವಾಚ್‌ಮನ್ನೇ ತನ್ನ ಬಾಟಲಿಯ ನೀರು ಕೊಟ್ಟ. ಕೊಡುವಾಗ, "ಬೇಜಾರ್ ಮಾಡ್ಕೋಬೇಡಿ ಅಕ್ಕ, ಮೇಡಮ್ಮೂ ಒಳಗೇ ಇದಾರೆ, ಅವರೂ ಏನೂ ಹೇಳಿಲ್ಲ" ಎಂದ. ಅದು ಅವನಿಗೂ ಗೊತ್ತಿತ್ತು.

ಕೋತಿ ತಾನು ಮೊಸರನ್ನ ತಿಂದು ಮೇಕೆಯ ಬಾಯಿಗೆ ಒರೆಸಿತಂತೆ. ನಿಮ್ಮದು ಅದಕ್ಕೂ ಮೇಲೆ. ಒರೆಸಿದ್ದು ಸಾಲದೆ, ಮೊಸರನ್ನ ತಿಂದದ್ದು ನಾನೇ ಎಂದು ಮೇಕೆಯ ಹತ್ತಿರವೇ ಬರೆಸಿಕೊಳ್ಳಲು ಹೊರಟಿದ್ದೀರಿ.

ನಾನು ಕೇಳಿದ್ದು ಒಂದು ಮಾತು. ನಾಲ್ಕು ತಿಂಗಳು ಕಾದೆ. ಆ ಮಾತನ್ನು ಕೊಡುವ ಬದಲು ಅದರ ವಿರುದ್ಧದ ಮಾತಿಗೆ ನನ್ನ ಸಹಿ ಕೇಳುತ್ತಿದ್ದೀಯ. ಸೆಲ್ವಿಯ ಮನೆಯನ್ನು ನನ್ನ ತಲೆಯ ಮೇಲೆ ಹೊರಿಸಬೇಡ. ಸೆಲ್ವಿಯ ಮನೆ ನೆನಪಾಗಬೇಕಾದದ್ದು ನೂಲು ತೊಳೆಯುವುದು ಬೇಡ ಎಂದವರಿಗೆ. ನಿನ್ನ ಲೇಪ ಒಳ್ಳೆಯದೇ ಇರಬಹುದು, ನನಗೆ ಅದರ ಮೇಲೆ ಸಿಟ್ಟಿಲ್ಲ. ಆದರೆ ಅದು ನಿಲ್ಲಬೇಕಾದರೆ ನಾನು ಕಳ್ಳಿಯಾಗಬೇಕು ಎಂದರೆ, ಬೇಡ.

ಯಾರೂ ನೋಡುವುದಿಲ್ಲ ಎನ್ನುತ್ತೀಯ. ನಾನು ನೋಡುತ್ತೇನಲ್ಲ. ಸಹಿ ಹಾಕುವವಳು ಮೊದಲು ಅದನ್ನು ಓದಬೇಕಲ್ಲ.

ಸಹಿ ಹಾಕುವುದಿಲ್ಲ. ಇವತ್ತೂ ಇಲ್ಲ, ಮುಂದೂ ಇಲ್ಲ.

ಪುಷ್ಪಾ


ವಿನೋಬನಗರ, ಶಿವಮೊಗ್ಗ
5 ಮೇ 2025

ಪ್ರೀತಿಯ ಅಕ್ಕ,

ಆರ್ಡರ್ ಸಿಕ್ಕಿತು. ಮೂರು ವರ್ಷಕ್ಕೆ. ಹೊಸ ಲೇಪಕ್ಕೆ ನನ್ನ ಹೆಸರಿನಲ್ಲೇ ಪೇಟೆಂಟ್ ಅರ್ಜಿ ಹಾಕಿದ್ದಾರೆ. ಮೊದಲು ನಿನಗೆ ಹೇಳಬೇಕು ಅನಿಸಿತು, ಆಮೇಲೆ ಹೇಗೆ ಹೇಳುವುದೆಂದು ತಿಳಿಯದೆ ಎರಡು ವಾರ ಸುಮ್ಮನಿದ್ದೆ.

ಹಳೆಯ ಬ್ಯಾಚಿನ ವಿಷಯ ಮುಗಿಯಿತು. ನೀನು ಇನ್ನು ತಲೆ ಕೆಡಿಸಿಕೊಳ್ಳಬೇಡ. ಸ್ಟೋರಿನಲ್ಲಿ ಕೂತು ಮಾಡುವ ಕೆಲಸವೊಂದು ಇದೆ, ಅಕ್ಕನಿಗೆ ಕೊಡೋಣ ಎಂದು ಇವರೇ ಹೇಳಿದರು. ಯೋಚಿಸು. ಸೆಲ್ವಿಯ ಕೈಯಲ್ಲಿ ಒಂದು ಸೀರೆ ಕಳಿಸಿದ್ದೇನೆ. ದಯವಿಟ್ಟು ವಾಪಸ್ ಕಳಿಸಬೇಡ.

ನಿನ್ನ
ವೀಣಾ


ಜನ್ನಾಪುರ, ಭದ್ರಾವತಿ
30 ಜೂನ್ 2025

ವೀಣಾ,

ಸೀರೆಯನ್ನು ಆಗ ವಾಪಸ್ ಕಳಿಸಲಿಲ್ಲ. ಹೋಗಲಿ, ತಂಗಿ ಗೆದ್ದಿದ್ದಾಳೆ ಎಂದು ಬೀರುವಿನಲ್ಲಿ ಇಟ್ಟಿದ್ದೆ. ಈಗ ಈ ಕಾಗದದ ಜೊತೆ ಪಾರ್ಸೆಲ್ ಬರುತ್ತದೆ, ತೆಗೆದುಕೋ.

ನಿನ್ನೆ ಸೆಲ್ವಿ ಬಂದಿದ್ದಳು. ಶೆಡ್ಡಿನ ಗೋಡೆಗೆ ಏನೋ ದೊಡ್ಡ ಕಾಗದ ಅಂಟಿಸಿದ್ದಾರಂತೆ. ಹಿಂದಿನ ತಪ್ಪನ್ನು ಕೆಲಸದವರೆಲ್ಲ ನೋಡಿ ಕಲಿಯಬೇಕು ಎಂದು ಬೆಂಗಳೂರಿನವರ ಷರತ್ತಂತೆ. ಅದರ ಫೋಟೊ ತೆಗೆದುಕೊಂಡು ಬಂದಿದ್ದಳು. "ಅಕ್ಕ, ಇದ್ರಲ್ಲಿ ಉನ್ ಪೇರು, ನಿನ್ ಹೆಸ್ರು ಇದೆ ಅಂತ ಹೇಳಿದ್ರು, ನನಗೆ ಕನ್ನಡ ಓದಕ್ಕೆ ಬರಲ್ಲ, ನೀನೇ ನೋಡು" ಎಂದು ಫೋನು ಕೊಟ್ಟಳು. ನೋಡಿದೆ.

"ಪೂಜೆಯ ದಿನ ನಾನು ಅಜ್ಞಾನದಿಂದ ಎಣ್ಣೆ ಕೈಯಲ್ಲಿ ನೂಲನ್ನು ಮುಟ್ಟಿದ್ದು ನಿಜ." ಕೆಳಗೆ ನನ್ನ ಹೆಸರು. ಹೆಸರಿನ ಪಕ್ಕ ಹೆಬ್ಬೆಟ್ಟಿನ ಗುರುತು. ಅದರ ಕೆಳಗೆ, "ಅಕ್ಷರ ಬಾರದವರಾದ್ದರಿಂದ ಓದಿ ಹೇಳಲಾಯಿತು, ಸರಿ ಇದೆ ಎಂದು ಒಪ್ಪಿದರು." ಅದಕ್ಕೆ ಸಾಕ್ಷಿಯಾಗಿ ನಿನ್ನ ಸಹಿ, ಇಂಗ್ಲಿಷಿನಲ್ಲಿ.

ಕುಂಕುಮದ ಮಾತನ್ನು ಎಂಟು ತಿಂಗಳು ನುಂಗಿದ್ದೆ. ಇದನ್ನು ನುಂಗಲಾರೆ. ಹತ್ತನೇ ಕ್ಲಾಸಿನಲ್ಲಿ ನಾನು ಕನ್ನಡಕ್ಕೆ ಶಾಲೆಗೇ ಮೊದಲು ಬಂದವಳು. ನಿನ್ನನ್ನು ನೋಡಿಕೊಳ್ಳುವವರು ಯಾರೂ ಇಲ್ಲವೆಂದು ಅಲ್ಲಿಗೇ ಓದು ಬಿಟ್ಟೆ. ಬಿಟ್ಟದ್ದಕ್ಕೆ ಒಂದು ದಿನವೂ ನಿನ್ನ ಹತ್ತಿರ ಲೆಕ್ಕ ಕೇಳಿಲ್ಲ. ಆ ನನ್ನನ್ನು ಅಕ್ಷರ ಬಾರದವಳು ಎಂದು ಗೋಡೆಗೆ ಅಂಟಿಸಿದ್ದೀಯ. ಅದಕ್ಕೆ ಸಾಕ್ಷಿ ಹಾಕಿದವಳೂ ನೀನೇ.

ಆ ಹೆಬ್ಬೆಟ್ಟು ಯಾರದು? ಇದಕ್ಕೊಂದು ಉತ್ತರ ಬರೆ. ಬೇರೇನೂ ಬರೆಯಬೇಡ.

ಪುಷ್ಪಾ


ವಿನೋಬನಗರ, ಶಿವಮೊಗ್ಗ
7 ಜುಲೈ 2025

ಅಕ್ಕ,

ನನ್ನದು.

ಬೇರೇನೂ ಬರೆಯಬೇಡ ಎಂದೆ. ಆದರೂ ಇಷ್ಟು ಬರೆಯುತ್ತೇನೆ. ಇವರು ನಿನ್ನ ಸಹಿಯನ್ನು ನೋಡಿಕೊಂಡು ಹಾಕು ಎಂದು ಹಾಜರಿ ಪುಸ್ತಕ ತಂದು ಮುಂದಿಟ್ಟರು. ಪೆನ್ನು ಹಿಡಿದೆ. "ಪು" ಬರೆಯುವಷ್ಟರಲ್ಲಿ ಕೈ ನಿಂತಿತು. ನಿನ್ನ ಅಕ್ಷರವನ್ನು ನನ್ನ ಕೈಯಲ್ಲಿ ಬರೆಯಲು ಆಗಲಿಲ್ಲ ಅಕ್ಕ. ಅದಕ್ಕೆ ಬೇರೆ ಹಾಳೆ ತೆಗೆದುಕೊಂಡು ಹೆಬ್ಬೆಟ್ಟು ಒತ್ತಿದೆ. ಹೆಬ್ಬೆಟ್ಟಾದರೆ ನಿನ್ನದನ್ನು ಕದ್ದ ಹಾಗಾಗುವುದಿಲ್ಲ ಎಂದು ಆಗ ಅನಿಸಿತು. ಅಕ್ಷರ ಬಾರದವರು ಎನ್ನುವ ಸಾಲನ್ನು ಆಮೇಲೆ ಇವರು ಸೇರಿಸಿದರು. ಸೇರಿಸಿದ ಮೇಲೆ ಓದಿದೆ. ಓದಿದ ಮೇಲೂ ಸಾಕ್ಷಿ ಹಾಕಿದೆ.

ನನ್ನನ್ನು ಏನು ಬೇಕಾದರೂ ಅನ್ನು. ಶೆಡ್ಡನ್ನು ಮಾತ್ರ ಉಳಿಸು. ನಿನ್ನ ಕಾಲು ಹಿಡಿಯುತ್ತೇನೆ.

ವೀಣಾ


ಜನ್ನಾಪುರ, ಭದ್ರಾವತಿ
14 ಜುಲೈ 2025

ಗುಣಮಟ್ಟ ವಿಭಾಗದ ಮುಖ್ಯಸ್ಥರಿಗೆ, ಬೆಂಗಳೂರು

ಮಾನ್ಯರೇ,

ತಮ್ಮ ಕಂಪನಿಗೆ ಬ್ರಾಕೆಟ್ ಮಾಡಿಕೊಡುವ ಮಲವಗೊಪ್ಪದ ಶೆಡ್ಡಿನಲ್ಲಿ ನಾನು ನಾಲ್ಕು ವರ್ಷ ಕಾರ್ಬನ್ ನೂಲು ತೊಳೆಯುವ, ಹಾಸುವ ಕೆಲಸ ಮಾಡಿದ್ದೇನೆ. ನನ್ನ ಹೆಸರಿನಲ್ಲಿ ಒಂದು ಹೇಳಿಕೆ ತಮಗೆ ಬಂದಿದೆ. ತಮ್ಮ ವಿಳಾಸ ನನಗೆ ಸಿಕ್ಕಿದ್ದು ಶೆಡ್ಡಿನ ಗೋಡೆಗೆ ಅಂಟಿಸಿರುವ ಆ ಹೇಳಿಕೆಯ ಪ್ರತಿಯಿಂದಲೇ.

ಆ ಹೇಳಿಕೆ ನನ್ನದಲ್ಲ. ಅದರಲ್ಲಿರುವ ಹೆಬ್ಬೆಟ್ಟು ನನ್ನದಲ್ಲ. ಯಾರದೆಂದು ನನಗೆ ಗೊತ್ತು, ಆದರೆ ಅವರ ಹೆಸರು ನನ್ನ ಬಾಯಿಂದ ಬರುವುದಿಲ್ಲ. ಗುರುತು ತಮ್ಮ ಹತ್ತಿರವೇ ಇದೆ, ಬೇಕಾದರೆ ತಾಳೆ ನೋಡಬಹುದು.

ನಾನು ಎಣ್ಣೆ ಕೈಯಲ್ಲಿ ನೂಲು ಮುಟ್ಟಿಲ್ಲ. ದಸರಾ ವಾರದ ನೂಲನ್ನು ತೊಳೆಯುವುದು ಬೇಡವೆಂದು ನಮಗೆ ಹೇಳಲಾಗಿತ್ತು. ತೊಳೆಯಲಿಲ್ಲ. ಪದರ ಯಾಕೆ ಬಿಟ್ಟಿತು ಎನ್ನುವುದನ್ನು ಅಲ್ಲಿಯ ಇಂಜಿನಿಯರ್ ಪರೀಕ್ಷೆ ಮಾಡಿ ಕಂಡುಹಿಡಿದಿದ್ದಾರೆ. ಅವರನ್ನೇ ಕೇಳಿ. ಅವರು ಮಾಡಿರುವ ಹೊಸ ಲೇಪ ಗಟ್ಟಿಯಾಗಿದೆ ಎಂದು ಕೇಳಿದ್ದೇನೆ, ಅದರ ಮೇಲೆ ನನ್ನ ದೂರಿಲ್ಲ.

ಇದರಿಂದ ಆ ಶೆಡ್ಡಿಗೆ ಏನಾಗಬಹುದೆಂದು ನನಗೆ ತಿಳಿದಿದೆ. ಅಲ್ಲಿ ನನ್ನ ಜೊತೆ ಕೆಲಸ ಮಾಡಿದವರು ಇನ್ನು ನನ್ನ ಮುಖ ನೋಡುವುದಿಲ್ಲ. ಅದೂ ತಿಳಿದಿದೆ.

ಈ ಕಾಗದವನ್ನು ನಾನು ಯಾರಿಂದಲೂ ಬರೆಸಿಲ್ಲ. ಯಾರೂ ನನಗೆ ಇದನ್ನು ಓದಿ ಹೇಳಿಲ್ಲ. ನಾನೇ ಬರೆದು, ನಾನೇ ಓದಿ, ಸರಿ ಇದೆ ಎಂದು ಒಪ್ಪಿದ್ದೇನೆ.

ಪುಷ್ಪಾ ಕೊಟ್ರಬಸಪ್ಪ

ಪ್ರತಿ: ಶ್ರೀಮತಿ ವೀಣಾ ನಿರಂಜನ, ವಿನೋಬನಗರ, ಶಿವಮೊಗ್ಗ